ಗಾಜು, ಸೆರಾಮಿಕ್ ಮಶಿನಿಂಗ್‌ಗೆ ಇಳಿಯೋ ಮುಂಚೆ ಅಳತೆ ಕಲೀರಿ

ಎಲ್ರಿಗೂ ನಮಸ್ಕಾರ. ಮೆಕ್ಯಾನಿಕಲ್ ಓದ್ತಿರೋ ಮಕ್ಕಳು ತುಂಬಾ ಜನ ಇದೀರ, ಜೊತೆಗೆ ಪೀಣ್ಯ ಕಡೆಯಿಂದ ಶಾಪ್ ನಡೆಸೋರೂ ಬಂದಿದೀರ, ಹಾಗಾಗಿ ಸುತ್ತಿ ಬಳಸಿ ಹೇಳೋದು ಬೇಡ. ಸ್ಟೀಲು ಅಲ್ಯೂಮಿನಿಯಂ ಟರ್ನಿಂಗ್ ಮಿಲ್ಲಿಂಗ್ ಮಾಡೋ ಶೆಡ್ಡು ನಮ್ಮಲ್ಲಿ ಗಲ್ಲಿಗಲ್ಲಿಗೂ ಸಿಗತ್ತೆ, ಆದ್ರೆ ಆಪ್ಟಿಕಲ್ ಗಾಜು, ಅಲ್ಯುಮಿನಾ, ಸಿಲಿಕಾನ್ ಕಾರ್ಬೈಡ್ ಥರದ ಸೆರಾಮಿಕ್ ತಗೊಂಡು ಹೋಗಿ ಮೈಕ್ರಾನ್, ಅಂದ್ರೆ ಮಿಲಿಮೀಟರಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ ಮಾಡ್ಕೊಡಿ ಅಂದ್ರೆ ಒಪ್ಕೊಳ್ಳೋರು ತೀರಾ ಕಮ್ಮಿ. ಇದು ಬದಲಾಗ್ಬೇಕು ಅನ್ನೋದು ನನ್ನ ಆಸೆ. ಅದಕ್ಕೆ ಏನು ಬೇಕು ಅಂತ ಇವತ್ತು ಹೇಳ್ತೀನಿ.

ಮೊದಲು ವ್ಯತ್ಯಾಸ ತಿಳ್ಕೊಳಿ. ಸ್ಟೀಲಿಗೆ ಟೂಲ್ ತಾಗಿದ್ರೆ ಅದು ಬಗ್ಗತ್ತೆ, ಜಗ್ಗತ್ತೆ, ಸುರುಳಿ ಸುರುಳಿ ಚಿಪ್ ಬರತ್ತೆ. ಗಾಜು ಸೆರಾಮಿಕ್ ಬಗ್ಗೋ ಜಾತಿ ಅಲ್ಲ, ಸೀಳತ್ತೆ. ಡೈಮಂಡ್ ವೀಲಿನ ಒಂದೊಂದು ಕಣ ಮೇಲೆ ಹಾದು ಹೋದಾಗ್ಲೂ ಕೆಳಗಡೆ ಕಣ್ಣಿಗೆ ಕಾಣದ ಬಿರುಕು ಉಳ್ಕೊಳ್ಳತ್ತೆ, ಮೇಲಿಂದ ನೋಡಿದ್ರೆ ಜಾಬ್, ಅಂದ್ರೆ ಮಾಡ್ತಿರೋ ತುಂಡು, ಚೆನ್ನಾಗೇ ಇರತ್ತೆ, ಸಿಎಂಎಂ ಅನ್ನೋ ಅಳತೆ ಮಶಿನ್ ಮೇಲೆ ಸೈಜೂ ಸರಿ ಬರತ್ತೆ, ಆಮೇಲೆ ಯಾವತ್ತೋ ಲೋಡ್ ಬಿದ್ದಾಗ ಅಥವಾ ಬಿಸಿಯಾದಾಗ ಅದೇ ಬಿರುಕಿಂದ ಒಡೆದು ಹೋಗತ್ತೆ. ಹಾಗಾಗಿ ಈ ಕಸುಬಲ್ಲಿ ಕೊರೆಯೋದು ಅರ್ಧ ಕೆಲಸ ಅಷ್ಟೆ, ಹಿಂದಿನ ಕೊರೆತ ಮಾಡಿದ ಗಾಯನ ತೆಗೆಯೋದು ಇನ್ನರ್ಧ. ಒರಟು ಗ್ರೈಂಡಿಂಗ್ ಹತ್ತಾರು ಮೈಕ್ರಾನ್ ಆಳಕ್ಕೆ ಬಿರುಕು ಬಿಟ್ಟಿದ್ರೆ ಮುಂದಿನ ನುಣುಪು ವೀಲು ಅಷ್ಟೂ ಆಳನ ತೆಗೀಬೇಕು, ಅದು ಬಿಟ್ಟ ಸಣ್ಣ ಬಿರುಕನ್ನ ಲ್ಯಾಪಿಂಗ್, ಅಂದ್ರೆ ಸಮತಟ್ಟು ಪ್ಲೇಟಿನ ಮೇಲೆ ಸಣ್ಣ ಪುಡಿ ಹಾಕಿ ಉಜ್ಜೋದು, ತೆಗೀಬೇಕು, ಗಾಜಾದ್ರೆ ಕೊನೆಗೆ ಸೀರಿಯಂ ಆಕ್ಸೈಡ್ ಪುಡಿ ನೀರಲ್ಲಿ ಕಲಸಿ ಪಾಲಿಶ್. ಟೈಮ್ ಉಳಿಸೋಣ ಅಂತ ಮಧ್ಯದಲ್ಲಿ ಒಂದು ಹಂತ ಹಾರಿಸಿದ್ರೆ ಹೊಳಪೇನೋ ಬರತ್ತೆ, ಬಿರುಕು ಒಳಗೇ ಇರತ್ತೆ.

ಸೆರಾಮಿಕ್‌ನಲ್ಲಿ ಇನ್ನೊಂದು ತಲೆನೋವಿದೆ. ಅಲ್ಯುಮಿನಾ ಪುಡಿನ ಪ್ರೆಸ್ ಮಾಡಿದಾಗ ಅದು ಸೀಮೆಸುಣ್ಣದ ಥರ ಮೆತ್ತಗಿರತ್ತೆ, ಆಗ ಆಕಾರ ಕೊಡೋದು ಸುಲಭ. ಆಮೇಲೆ ಫರ್ನೇಸಲ್ಲಿ ಸುಮಾರು 1600 ಡಿಗ್ರಿಗೆ ಸುಟ್ರೆ ಅಳತೆಯಲ್ಲಿ 15ರಿಂದ 20 ಪರ್ಸೆಂಟ್ ಕುಗ್ಗತ್ತೆ, ಅದೂ ಎಲ್ಲಾ ಕಡೆ ಒಂದೇ ಸಮ ಕುಗ್ಗತ್ತೆ ಅನ್ನೋ ಗ್ಯಾರಂಟಿ ಇಲ್ಲ. ಸುಟ್ಟ ಮೇಲೆ ಡೈಮಂಡ್ ಬಿಟ್ರೆ ಬೇರೆ ಟೂಲು ಹೆಚ್ಚು ಹೊತ್ತು ನಿಲ್ಲಲ್ಲ. ಟೈಟ್ ಟಾಲರೆನ್ಸ್ ಬೇಕಿರೋ, ಅಂದ್ರೆ ಅಳತೆ ಹೆಚ್ಚು ಆಚೀಚೆ ಆಗಬಾರದ ಜಾಬಿನ ಖರ್ಚಲ್ಲಿ ದೊಡ್ಡ ಪಾಲು ಈ ಕೊನೇ ಗ್ರೈಂಡಿಂಗ್‌ಗೇ ಹೋಗೋದು. ಹಲ್ಲಿನ ಡಾಕ್ಟ್ರ ಹತ್ರ ಜಿರ್ಕೋನಿಯಾ ಕ್ಯಾಪ್ ಹಾಕಿಸ್ಕೊಂಡೋರು ಇದ್ರೆ ನಿಮ್ಮ ಬಾಯಲ್ಲೇ ಇದೇ ವಿದ್ಯೆ ಇದೆ, ಕುಗ್ಗತ್ತೆ ಅಂತ ಲೆಕ್ಕ ಹಾಕಿ ಮುಂಚೇನೇ ದೊಡ್ಡದಾಗಿ ಮಿಲ್ ಮಾಡಿ ಆಮೇಲೆ ಸುಟ್ಟಿರ್ತಾರೆ. ಮಾಮೂಲಿ ಟೂಲಲ್ಲೇ ಕೊರೆಯೋಕೆ ಬರೋ ವಸ್ತುನೂ ಇದೆ, ಕಾರ್ನಿಂಗ್ ಕಂಪನಿಯ ಮ್ಯಾಕಾರ್, ಒಳಗೆ ಅಭ್ರಕದ ಸಣ್ಣ ಹರಳು ಇರೋದ್ರಿಂದ ಬಿರುಕು ದೂರ ಓಡಲ್ಲ, ಮತ್ತೆ ಸುಡೋದೂ ಬೇಡ. ಹೊಸದಾಗಿ ಶುರು ಮಾಡೋರು ಅದ್ರಿಂದ ಶುರು ಮಾಡ್ಬಹುದು, ಆದ್ರೆ ಅದರ ಗಟ್ಟಿತನ ಅಲ್ಯುಮಿನಾ ಹತ್ರಕ್ಕೂ ಬರಲ್ಲ ಅಂತ ನೆನಪಿರ್ಲಿ.

ಗಾಜು ಸೆರಾಮಿಕ್ ಕೆಲಸದ ದೊಡ್ಡ ಕಂಪನಿಗಳು ಹೆಂಗೆ ಹುಟ್ಟಿದ್ವು ನೋಡಿ. ಜರ್ಮನಿಯ ಯೇನಾ ಊರಲ್ಲಿ ಕಾರ್ಲ್ ಝೈಸ್ 1846ರಲ್ಲಿ ಸಣ್ಣ ವರ್ಕ್‌ಶಾಪ್ ಹಾಕಿದ್ದು. ಆಮೇಲೆ ಅರ್ನ್ಸ್ಟ್ ಆಬೆ ಲೆನ್ಸಿನ ಲೆಕ್ಕಾಚಾರ ತಂದ್ರು, 1884ರಲ್ಲಿ ಓಟ್ಟೋ ಶಾಟ್ ಜೊತೆ ಸೇರಿ ಗಾಜಿನ ಲ್ಯಾಬೊರೇಟರಿ ಮಾಡಿದ್ರು. ಲೆಕ್ಕ ಮಾಡೋನು, ಗಾಜು ಕಾಯಿಸೋನು, ಉಜ್ಜೋನು ಮೂರೂ ಜನ ಒಂದೇ ಊರಲ್ಲಿ. ಅಮೆರಿಕದ ಗೋಲ್ಡನ್ ಊರಿನ ಕೂರ್ಸ್ ಅಂದ್ರೆ ಬಿಯರ್ ಮನೆತನ, ಅವ್ರು ದುಡ್ಡು ಹಾಕಿದ್ದ ಪಿಂಗಾಣಿ ಫ್ಯಾಕ್ಟರಿ ಮೊದಲ ಮಹಾಯುದ್ಧದಲ್ಲಿ ಜರ್ಮನಿ ಮಾಲು ನಿಂತೋದಾಗ ಲ್ಯಾಬಿನ ಪಿಂಗಾಣಿ ಪಾತ್ರೆ ಮಾಡೋಕೆ ಇಳೀತು, ಅದೇ ಇವತ್ತಿನ ಕೂರ್ಸ್‌ಟೆಕ್. ಆಪ್ಟಿಕಲ್ ಗಾಜಿಗೂ ಅದೇ ಬರಗಾಲ ಬಂದಿತ್ತು, ರಾಚೆಸ್ಟರಿನ ಬೌಶ್ ಅಂಡ್ ಲೋಂಬ್ ಆಗ್ಲೇ ಸ್ವಂತ ಗಾಜು ಕಾಯಿಸೋದು ಕಲಿತಿದ್ದು. ಮಾಲು ಬರೋದು ನಿಂತ ಮೇಲೆ ಕಲಿಯೋಕೆ ಕೂತ್ರೆ ಎಷ್ಟು ಕಷ್ಟ ಅಂತ ಆ ದೇಶಗಳಿಗೆ ಆಗ ಗೊತ್ತಾಯ್ತು.

ಈಗ್ಲೂ ಅಷ್ಟೇ. ಚಿಪ್ ಮಾಡೋಕೆ ಬೆಳಕಿಂದ ನಕ್ಷೆ ಮೂಡಿಸೋ, ನೆದರ್ಲೆಂಡ್ಸಿನ ಎಎಸ್‌ಎಂಎಲ್ ಕಂಪನಿಯ ಮಶಿನ್ ಬಗ್ಗೆ ಎಲ್ರೂ ಮಾತಾಡ್ತಾರೆ, ಅದರೊಳಗಿನ ಕನ್ನಡಿ ಬಗ್ಗೆ ಯಾರೂ ಮಾತಾಡಲ್ಲ. ಅದು ಬಳಸೋ ಇಯುವಿ, ಅಂದ್ರೆ ಅತಿ ನೇರಳಾತೀತ ಬೆಳಕಿನ ತರಂಗಾಂತರ 13.5 ನ್ಯಾನೊಮೀಟರ್, ಅದನ್ನ ಗಾಜೇ ಹೀರ್ಕೊಂಡು ಬಿಡತ್ತೆ, ಲೆನ್ಸ್ ನಡೆಯಲ್ಲ, ಕನ್ನಡಿನೇ ಬೇಕು. ಆ ಕನ್ನಡಿ ಮಾಡೋದು ಝೈಸ್, ಕನ್ನಡಿನ ಇಡೀ ಜರ್ಮನಿಯಷ್ಟು ಹಿಗ್ಗಿಸಿದ್ರೂ ಉಬ್ಬು ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು ದಾಟಲ್ಲ ಅಂತ ಅವ್ರೇ ಹೇಳ್ತಾರೆ. ವೇಫರ್, ಅಂದ್ರೆ ಚಿಪ್ ಮಾಡೋ ಸಿಲಿಕಾನ್ ಬಿಲ್ಲೆ, ಕೂರೋ ಟೇಬಲ್ಲು, ಕ್ಲ್ಯಾಂಪು ಮಾಡ್ತಿದ್ದ ಬರ್ಲಿನರ್ ಗ್ಲಾಸ್ ಅನ್ನೋ ಕಂಪನಿನ ಎಎಸ್‌ಎಂಎಲ್ 2020ರಲ್ಲಿ ಕೊಂಡ್ಕೊಳ್ತು. 2022ರ ಜನವರಿಯಲ್ಲಿ ಆ ಬರ್ಲಿನ್ ಫ್ಯಾಕ್ಟರಿಯಲ್ಲಿ ಬೆಂಕಿ ಬಿದ್ದಾಗ ಇಡೀ ಚಿಪ್ ಉದ್ಯಮ ಗಾಬರಿಯಿಂದ ಆ ಕಡೆ ನೋಡ್ತು.

ಈಗ ಅಳತೆ ವಿಷಯ, ನಾನು ಬಂದಿದ್ದೇ ಇದನ್ನ ಹೇಳೋಕೆ. ಹಬಲ್ ಟೆಲಿಸ್ಕೋಪಿನ 2.4 ಮೀಟರ್ ಕನ್ನಡಿನ ಪರ್ಕಿನ್ ಎಲ್ಮರ್ ಕಂಪನಿ ಪಾಲಿಶ್ ಮಾಡ್ತು. ನುಣುಪು ಅದ್ಭುತವಾಗಿತ್ತು. 1990ರಲ್ಲಿ ಮೇಲೆ ಹೋದ ಮೇಲೆ ಚಿತ್ರ ಮಸುಕು. ಹುಡುಕಿದ್ರೆ, ಕನ್ನಡಿ ಆಕಾರ ಪರೀಕ್ಷೆ ಮಾಡೋ ನಲ್ ಕರೆಕ್ಟರ್ ಅನ್ನೋ ಸಾಧನದಲ್ಲಿ ಒಂದು ಲೆನ್ಸ್ 1.3 ಮಿಲಿಮೀಟರ್ ಜಾಗ ತಪ್ಪಿ ಕೂತಿತ್ತು, ಅದನ್ನ ನಂಬಿ ಉಜ್ಜಿದ್ದಕ್ಕೆ ಕನ್ನಡಿಯ ಅಂಚು 2.2 ಮೈಕ್ರಾನ್ ಜಾಸ್ತಿ ಚಪ್ಪಟೆ ಆಗಿತ್ತು. ಪಾಲಿಶ್ ಮಾಡಿದೋರ ಕೈಲಿ ತಪ್ಪಿರ್ಲಿಲ್ಲ, ಅವ್ರು ತಪ್ಪು ಆಕಾರನ ಅಷ್ಟೇ ಕರಾರುವಾಕ್ಕಾಗಿ ಮಾಡಿದ್ರು. ಮನಸ್ಸಿಗೆ ನೋವಾಗೋ ವಿಷಯ ಇನ್ನೊಂದಿದೆ, ಬೇರೆ ಸಾದಾ ಪರೀಕ್ಷೆಗಳಲ್ಲಿ ದೋಷ ಕಂಡಿತ್ತು, ಆದ್ರೆ ದೊಡ್ಡ ಸಾಧನವೇ ಹೆಚ್ಚು ನಿಖರ ಅಂತ ಅವನ್ನ ಬದಿಗಿಟ್ರು. 1993ರ ಡಿಸೆಂಬರಲ್ಲಿ ಗಗನಯಾತ್ರಿಗಳು ಹೋಗಿ ಸರಿ ಮಾಡೋವರೆಗೂ ಅದು ಹಾಗೇ ಇತ್ತು. ಒಂದೇ ಅಳತೆ ಸಾಧನನ ಯಾವತ್ತೂ ನಂಬ್ಬೇಡಿ, ಎರಡು ಬೇರೆ ದಾರಿಯಲ್ಲಿ ಅಳೀರಿ, ಎರಡೂ ಜಗಳ ಆಡ್ತಿದ್ರೆ ಜಾಬ್ ನಿಲ್ಲಿಸಿ.

ರೂಮಿನ ಬಿಸಿನೂ ಅಳತೆಗೆ ಸೇರತ್ತೆ. ಒಂದು ಮೀಟರ್ ಉದ್ದದ ಸ್ಟೀಲು ಒಂದು ಡಿಗ್ರಿಗೆ ಸುಮಾರು 12 ಮೈಕ್ರಾನ್ ಹಿಗ್ಗತ್ತೆ. ಶಾಟ್ ಕಂಪನಿಯ ಝೆರೋಡುರ್ ಅನ್ನೋ ಗಾಜು-ಸೆರಾಮಿಕ್ ಅಷ್ಟೇ ಉದ್ದಕ್ಕೆ ಅದರ ನೂರನೇ ಒಂದು ಪಾಲೂ ಹಿಗ್ಗಲ್ಲ, ದೊಡ್ಡ ಟೆಲಿಸ್ಕೋಪ್ ಕನ್ನಡಿಗೆ ಅದನ್ನ ಹುಡುಕ್ಕೊಂಡು ಹೋಗೋದು ಅದಕ್ಕೇ. ಆದ್ರೆ ಜಾಬ್ ಹಿಗ್ಗದಿದ್ರೂ ನಿಮ್ಮ ಗೇಜು, ಮಶಿನ್ನು ಹಿಗ್ಗತ್ತೆ.

ಇದೆಲ್ಲಾ ನಮ್ಮ ಕೈಲಾಗಲ್ಲ ಅಂತ ಯಾರೂ ಅನ್ಕೋಬೇಡಿ. ತಮಿಳುನಾಡಿನ ಕಾವಲೂರಲ್ಲಿರೋ ವೈನು ಬಪ್ಪು ಟೆಲಿಸ್ಕೋಪಿನ 2.34 ಮೀಟರ್ ಕನ್ನಡಿಗೆ ಝೆರೋಡುರ್ ಗಾಜು ಜರ್ಮನಿಯಿಂದ ಬಂತು ನಿಜ, ಉಜ್ಜಿ ಆಕಾರ ಕೊಟ್ಟಿದ್ದು ನಮ್ಮ ಬೆಂಗಳೂರಲ್ಲೇ, ಭಾರತೀಯ ಖಭೌತ ಸಂಸ್ಥೆಯ ಲ್ಯಾಬಲ್ಲಿ, 1986ರಲ್ಲಿ ಅದು ಉದ್ಘಾಟನೆ ಆಯ್ತು. ಈಗ ಅದೇ ಸಂಸ್ಥೆ ಹೊಸಕೋಟೆ ಕ್ಯಾಂಪಸ್ಸಲ್ಲಿ ಥರ್ಟಿ ಮೀಟರ್ ಟೆಲಿಸ್ಕೋಪಿನ ಕನ್ನಡಿ ತುಂಡುಗಳಿಗೆ ಪಾಲಿಶಿಂಗ್ ಸೌಲಭ್ಯ ಕಟ್ಟಿದೆ. ಆ ವಿಧಾನ ಕೇಳಿದ್ರೆ ಖುಷಿಯಾಗತ್ತೆ: ಗಾಜನ್ನ ಲೆಕ್ಕ ಹಾಕಿದ ಬಲದಿಂದ ಅಂಚಲ್ಲಿ ಒಡೆಯದಷ್ಟು ಚೂರೇ ಚೂರು ಬಗ್ಗಿಸಿ ಹಿಡ್ಕೊಂಡು ಸುಲಭವಾದ ಗೋಳದ ಆಕಾರಕ್ಕೆ ಉಜ್ಜೋದು, ಬಿಟ್ಟಾಗ ಅದೇ ಸಡಿಲ ಆಗಿ ಬೇಕಾದ ಕಷ್ಟದ ಆಕಾರಕ್ಕೆ ಬಂದು ನಿಲ್ಲತ್ತೆ. ಇಸ್ರೋದ ಲಿಯೋಸ್ ಅನ್ನೋ ಎಲೆಕ್ಟ್ರೋ-ಆಪ್ಟಿಕ್ಸ್ ಲ್ಯಾಬ್ ಇರೋದೂ ಪೀಣ್ಯದಲ್ಲೇ, ಆರ್ಯಭಟ ಉಪಗ್ರಹ ತಯಾರಾದ ಜಾಗದಲ್ಲಿ, ಉಪಗ್ರಹಗಳ ಸೆನ್ಸರು, ಆಪ್ಟಿಕ್ಸ್ ಅಲ್ಲಿಂದ ಹೋಗತ್ತೆ. ಗೊತ್ತಿರೋ ಜನ ನಿಮ್ಮ ಪಕ್ಕದ ರಸ್ತೆಯಲ್ಲೇ ಇದಾರೆ.

ಶಾಪ್ ನಡೆಸೋರಿಗೆ ಎರಡು ಮಾತು. ಮೆಟಲ್ ಕೆಲಸದ ವಿಎಂಸಿ, ಅಂದ್ರೆ ಕಂಪ್ಯೂಟರ್ ನಡೆಸೋ ಮಿಲ್ಲಿಂಗ್ ಮಶಿನ್ ಮೇಲೆ ದಯವಿಟ್ಟು ಸೆರಾಮಿಕ್ ಕೊರೆಯೋಕೆ ಹೋಗ್ಬೇಡಿ, ಆ ಪುಡಿ ಗೈಡ್‌ವೇ ಒಳಗೆ ಸೇರಿ ಮಶಿನ್ನನ್ನೇ ಉಜ್ಜಿ ಹಾಕತ್ತೆ, ಸೀಲ್ ಮಾಡಿರೋ ಬೇರೆ ಮಶಿನ್ನು, ಕೂಲೆಂಟಿಗೆ ಒಳ್ಳೆ ಫಿಲ್ಟರ್ ಬೇಕೇ ಬೇಕು. ಎರಡನೇದು, ಮಶಿನ್ ಲೋನಿಗೆ ಓಡಾಡೋ ಮುಂಚೆ ಒಂದು ಆಪ್ಟಿಕಲ್ ಫ್ಲ್ಯಾಟು, ಅಂದ್ರೆ ಪಕ್ಕಾ ಸಮತಟ್ಟಾದ ಗಾಜಿನ ಬಿಲ್ಲೆ, ಒಂದು ಸೋಡಿಯಂ ಲೈಟು ತಗೊಂಡು, ಬಿಲ್ಲೆನ ಜಾಬ್ ಮೇಲಿಟ್ಟಾಗ ಆ ಬೆಳಕಲ್ಲಿ ಕಾಣೋ ಗೆರೆ ಓದೋದನ್ನ ನಿಮ್ಮ ಹುಡುಗ್ರಿಗೆ ಕಲಿಸಿ. ಇಲ್ಲಿ ಮೇಜಿನ ಮೇಲೆ ಒಂದು ಸೆಟ್ ಇಟ್ಟಿದೀನಿ, ಕೆಳಗಿರೋದು ಲ್ಯಾಪ್ ಮಾಡಿರೋ ಸೆರಾಮಿಕ್ ಸೀಲ್ ರಿಂಗು, ಒಂದು ಗೆರೆಗೂ ಮುಂದಿನ ಗೆರೆಗೂ ಎತ್ತರದ ವ್ಯತ್ಯಾಸ ಸುಮಾರು 0.29 ಮೈಕ್ರಾನ್. ಗೆರೆ ನೇರ ಇದ್ರೆ ರಿಂಗ್ ಸಮ ಇದೆ ಅಂತ, ಎಲ್ಲಿ ಬಾಗಿದೆಯೋ ಅಲ್ಲಿ ಉಬ್ಬೋ ತಗ್ಗೋ ಇದೆ ಅಂತ. ಮುಂದಿನ ಸಾಲಿನೋರು ಮೊದಲು ಬನ್ನಿ, ಉಬ್ಬು ಯಾವ ಕಡೆ ಇದೆ ಅಂತ ನೀವೇ ನೋಡಿ ಹೇಳಿ, ಆಮೇಲೆ ಪ್ರಶ್ನೆ ತಗೋತೀನಿ.