ಮುಳ್ಳು ಇಳಿಯದ ತಟ್ಟೆ

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರಿಗೆ ಕೇಳಿಸುತ್ತಿದೆಯಾ? ಸರಿ. ನಲವತ್ತು ನಿಮಿಷ ಅಂದಿದ್ದಾರೆ. ಮುಂದೆ ಕೂತಿರುವ ಮೇಡಂ ಕೈಯಲ್ಲಿ ಒಂದು ಗಂಟೆ ಬೇರೆ ಇದೆ, ಬಾರಿಸೋದಕ್ಕೆ.

ನನಗೆ ಕೊಟ್ಟ ವಿಷಯ "ಅಪರೂಪದ ಇಂಡಿ ಮತ್ತು ಪಂಕ್ ಸಿಂಗಲ್‌ಗಳ ಸಂಗ್ರಹ". ಸಿಂಗಲ್ ಅಂದರೆ ಒಂದೆರಡು ಹಾಡಿರೋ ಸಣ್ಣ ಗ್ರಾಮಫೋನ್ ತಟ್ಟೆ, ಪಂಕ್ ಅಂದರೆ ಎಪ್ಪತ್ತರ ದಶಕದ ಒರಟು, ವೇಗದ ರಾಕ್ ಸಂಗೀತ. ಆಹ್ವಾನ ಪತ್ರಿಕೆ ನೋಡಿ ನಮ್ಮ ಸೋದರಮಾವ ಫೋನ್ ಮಾಡಿದರು. "ಇಂಡಿಗೂ ನಿನಗೂ ಏನೋ ಸಂಬಂಧ? ಅದು ವಿಜಯಪುರದ ಕಡೆ ಅಲ್ವೇನೋ?" ಅಂತ. ಮಾವ, ಇದು ನಿಂಬೆಹಣ್ಣಿನ ಇಂಡಿ ಅಲ್ಲ, ಇಂಡಿಪೆಂಡೆಂಟ್ ಅನ್ನೋದನ್ನ ಮೊಟಕು ಮಾಡಿದ್ದು, ದೊಡ್ಡ ಕಂಪನಿಯ ಹಂಗಿಲ್ಲದೆ ತಂದ ಹಾಡು ಅಂದೆ. "ಹಾಗಾದ್ರೆ ನಿಂಬೆಹಣ್ಣು ತರಲ್ವಾ" ಅಂದರು. ತರಲ್ಲ.

ನಿಜ ಹೇಳಬೇಕೆಂದರೆ ನಾನು ಸಂಗ್ರಹದ ಬಗ್ಗೆ ಮಾತಾಡೋದಕ್ಕೇ ಬಂದಿದ್ದು. ಹೋದ ತಿಂಗಳು ಬಂದ ಒಂದು ಫೋನು ಎಲ್ಲವನ್ನೂ ತಿರುಗಿಸಿಬಿಟ್ಟಿತು. ಪರಿಚಯದವರ ಪರಿಚಯದವರು. ನನ್ನ ಹತ್ತಿರ 1977-78ರ ಇಂಗ್ಲೆಂಡಿನ ಏಳಿಂಚಿನ ತಟ್ಟೆಗಳಿವೆ ಅಂತ ಯಾರೋ ಹೇಳಿದ್ದಾರೆ. ಐದು ಕೊಡಿ, ಬೆಲೆ ನೀವೇ ಹೇಳಿ ಅಂದರು. ಯಾವ ಬ್ಯಾಂಡ್ ಇಷ್ಟ ಸರ್ ಅಂತ ಕೇಳಿದೆ. "ಬ್ಯಾಂಡ್ ಯಾವುದಾದರೂ ಆಗಲಿ, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿಸಿ ಲಾಕರ್‌ನಲ್ಲಿ ಇಡ್ತೀನಿ, ಹತ್ತು ವರ್ಷದಲ್ಲಿ ಸೈಟಿಗಿಂತ ಜಾಸ್ತಿ ಏರುತ್ತಂತೆ" ಅಂದರು. ತಟ್ಟೆ ಹಾಕಿ ಕೇಳೋದಕ್ಕೆ ಟರ್ನ್‌ಟೇಬಲ್ ಇದೆಯಾ ಸರ್? ಇಲ್ಲವಂತೆ. ಬೇಕಾಗಿಲ್ಲವಂತೆ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅವರ ಮೇಲಿನ ಸಿಟ್ಟಿಗಲ್ಲ. ಎದ್ದು ನನ್ನ ಬೀರು ತೆಗೆದು ನೋಡಿದೆ. ಅದರಲ್ಲಿರುವ ಅರ್ಧದಷ್ಟು ತಟ್ಟೆಗಳನ್ನು ನಾನೂ ನಾಲ್ಕೈದು ವರ್ಷದಿಂದ ಹಾಕಿಲ್ಲ. ಅವರದು ಲಾಕರು, ನನ್ನದು ಬೀರು, ಅಷ್ಟೇ ತಾನೇ? ಟರ್ನ್‌ಟೇಬಲ್ಲಿನ ಮುಳ್ಳು ಇಳಿಯದ ತಟ್ಟೆ ಯಾರ ಮನೆಯಲ್ಲಿದ್ದರೂ ಒಂದೇ. ಅದರಲ್ಲಿ ಊಟ ಬಡಿಸೋದಕ್ಕೂ ಆಗಲ್ಲ, ಮಧ್ಯೆ ತೂತು.

ಈ ತಟ್ಟೆಗಳು ಹುಟ್ಟಿದ್ದು ಹೇಗೆ ಅನ್ನೋದು ನಿಮಗೆ ಗೊತ್ತಿರೋದೇ, ಆದರೂ ಒಂದೆರಡು ನೆನಪಿಸುತ್ತೇನೆ. 1976ರ ಡಿಸೆಂಬರ್ ಕೊನೆಯಲ್ಲಿ ಮ್ಯಾಂಚೆಸ್ಟರಿನ ಹುಡುಗರು, ಬಜ್‌ಕಾಕ್ಸ್ ಅನ್ನೋ ಬ್ಯಾಂಡು, ಸುಮಾರು 500 ಪೌಂಡ್ ಸಾಲ ಎತ್ತಿ ನಾಲ್ಕು ಹಾಡು ರೆಕಾರ್ಡ್ ಮಾಡಿದರು. ಜನವರಿ ಕೊನೆಗೆ 'ಸ್ಪೈರಲ್ ಸ್ಕ್ರ್ಯಾಚ್' ಅನ್ನೋ ಆ ತಟ್ಟೆ ಅಂಗಡಿಗೆ ಬಂತು. ದೊಡ್ಡ ಕಂಪನಿಯ ಬಾಗಿಲು ತಟ್ಟಲಿಲ್ಲ, ಲೇಬಲ್ಲೂ, ಅಂದರೆ ತಟ್ಟೆ ಹೊರಡಿಸೋ ಕಂಪನಿಯೂ, ತಮ್ಮದೇ, ನ್ಯೂ ಹಾರ್ಮೋನ್ಸ್ ಅಂತ ಹೆಸರು. ಮೊದಲು ಹಾಕಿಸಿದ್ದು ಒಂದು ಸಾವಿರ, ಕೊನೆಗೆ ಹೋಗಿದ್ದು ಸುಮಾರು 16,000. ಕವರಿನ ಮೇಲೆ ಯಾವ ಹಾಡು ಎಷ್ಟನೇ ಸಲಕ್ಕೆ ಸರಿಯಾಯಿತು ಅಂತ ಕೂಡ ಬರೆದಿದ್ದಾರೆ. ಅಂದರೆ ಒಳಗಿನ ಲೆಕ್ಕ ಹೊರಗೆ ಇಟ್ಟರು.

ಆದರೆ ನನಗೆ ಅವರಿಗಿಂತ ಇಷ್ಟ ಲಂಡನ್ನಿನ ಡೆಸ್ಪರೇಟ್ ಬೈಸಿಕಲ್ಸ್. ಹೆಸರು ನೋಡಿ, ಪಾಪ, ಹತಾಶ ಸೈಕಲ್ಲುಗಳು! 1977ರಲ್ಲಿ ಅವರು ಸೇರಿದ್ದೇ ಒಂದು ಸಿಂಗಲ್ ಮಾಡೋಣ ಅಂತ. ಬ್ಯಾಂಡ್ ಕಟ್ಟಿ, ಹೆಸರು ಮಾಡಿ, ಆಮೇಲೆ ತಟ್ಟೆ ತರೋದಲ್ಲ, ತಟ್ಟೆ ತರೋದಕ್ಕೇ ಬ್ಯಾಂಡು. 500 ಪ್ರತಿಗೆ ಒಟ್ಟು ಖರ್ಚು 153 ಪೌಂಡ್. ಎರಡು ಹಾಡು ಇತ್ತು. ಎರಡನ್ನೂ ಒಂದೇ ಮಗ್ಗುಲಲ್ಲಿ ಹಾಕಿ, ಇನ್ನೊಂದು ಮಗ್ಗುಲಲ್ಲೂ ಅವೇ ಎರಡು ಹಾಡು. ತಿರುಗಿಸಿ ಹಾಕಿದವರು ಇದೇನಪ್ಪ ಅಂತ ತಲೆ ಕೆರೆದುಕೊಂಡಿರಬೇಕು. ಆಮೇಲೆ ತಟ್ಟೆಯಲ್ಲೇ ಕೂಗಿ ಹೇಳಿದರು: ಇದು ಸುಲಭ, ಅಗ್ಗ, ಹೋಗಿ ನೀವೂ ಮಾಡಿ ಅಂತ. ಕೇಳಿದವರು ಸುಮ್ನೆ ಕೂರಲಿಲ್ಲ. ಮುಂದಿನ ವರ್ಷ ಸ್ಕ್ರಿಟಿ ಪೊಲಿಟಿ ಅನ್ನೋರು ತಮ್ಮ ಮೊದಲ ಸಿಂಗಲ್ಲಿನ ಕವರಿನ ಮೇಲೆ ಪೂರ್ತಿ ಖರ್ಚಿನ ಪಟ್ಟಿಯನ್ನೇ ಅಚ್ಚು ಹಾಕಿಸಿದರು. ಸ್ಟುಡಿಯೋ 14 ಗಂಟೆಗೆ 98 ಪೌಂಡ್, ತಟ್ಟೆಯ ನಡುವಿನ ಕಾಗದದ ಲೇಬಲ್ಲಿಗೆ ಒತ್ತೋ ರಬ್ಬರ್ ಸ್ಟಾಂಪಿಗೆ 8 ಪೌಂಡ್, ಹೀಗೆ. ನಮ್ಮ ಮದುವೆ ಮನೆಯಲ್ಲಿ ಚಿಕ್ಕಪ್ಪ ಬರೆದಿಡೋ ಖರ್ಚಿನ ಪುಸ್ತಕ ಇದೆಯಲ್ಲ, ಅದನ್ನ ಲಗ್ನಪತ್ರಿಕೆ ಮೇಲೇ ಅಚ್ಚು ಮಾಡಿದ ಹಾಗೆ.

ಹೋಗಿ ನೀವೂ ಮಾಡಿ ಅಂತ ಕೂಗಿದ ತಟ್ಟೆಯನ್ನ ಈಗ ಡಬ್ಬಿಯಲ್ಲಿ ಸೀಲ್ ಮಾಡಿ ಲಾಕರ್‌ನಲ್ಲಿ ಇಡುತ್ತಾರಂತೆ.

ಇರಲಿ. ನನಗೆ ಈ ಹುಚ್ಚು ಹತ್ತಿದ ಕತೆ ಹೇಳುತ್ತೇನೆ. ಇಲ್ಲಿ ಕೆಲವರು ಆಗಲೇ ಕೇಳಿದ್ದೀರಿ, ನಗಬೇಕಾದ ಜಾಗದಲ್ಲಿ ಮತ್ತೊಮ್ಮೆ ನಕ್ಕುಬಿಡಿ.

ತೊಂಬತ್ತರ ದಶಕ, ನಾನು ಓದೋದಕ್ಕೆ ಅಂತ ಲೀಡ್ಸ್‌ಗೆ ಹೋಗಿದ್ದೆ. ಎಲ್ಲರೂ ಸಿಡಿ ಕೊಂಡು ವಿನೈಲ್ ತಟ್ಟೆ ಎಸೆಯುತ್ತಿದ್ದ ಕಾಲ. ಚಾರಿಟಿ ಅಂಗಡಿಗಳಲ್ಲಿ ಹಳೇ ಸ್ವೆಟರಿನ ಪಕ್ಕ ರಟ್ಟಿನ ಪೆಟ್ಟಿಗೆ ಇಟ್ಟಿರೋರು, ಯಾವುದು ತಗೊಂಡರೂ ಇಪ್ಪತ್ತು ಪೆನ್ಸ್. ನನ್ನ ಹತ್ತಿರ ಒಂದು ಹಳೇ ಟರ್ನ್‌ಟೇಬಲ್ ಇತ್ತು, ಹಿಂದಿನ ಬಾಡಿಗೆಯವರು ಬಿಟ್ಟುಹೋದದ್ದು. ಒಂದು ಶನಿವಾರ, ಮಳೆ, ಪೆಟ್ಟಿಗೆಯಲ್ಲಿ ಒಂದು ಏಳಿಂಚಿನ ತಟ್ಟೆ ಸಿಕ್ಕಿತು. ಕವರ್ ಇಲ್ಲ. ಲೇಬಲ್ ಬಿಳೀದು, ಅದರ ಮೇಲೆ ರಬ್ಬರ್ ಸ್ಟಾಂಪು ಒತ್ತಿದ್ದಾರೆ, ಮಸಿ ಹರಡಿ ಒಂದು ಅಕ್ಷರವೂ ಕಾಣಲ್ಲ. ತಂದು ಹಾಕಿದೆ.

ಎಂಥಾ ಹಾಡು ಅಂತೀರಿ! ನಿಧಾನ. ಭಾರ. ಬಾವಿಯೊಳಗಿಂದ ಹಾಡಿದ ಹಾಗೆ ಗಂಡು ದನಿ, ಡ್ರಮ್ ಅಂದರೆ ಯಾರೋ ತೊಲೆ ಹೊತ್ತು ಮೆಟ್ಟಿಲು ಹತ್ತಿದ ಹಾಗೆ. ಮನೆ ಬಿಟ್ಟು ಬಂದು ಮೂರು ತಿಂಗಳಾಗಿತ್ತು, ನಾಲ್ಕು ಗಂಟೆಗೇ ಕತ್ತಲಾಗೋ ಊರು, ಮೊಸರನ್ನಕ್ಕೆ ಒಗ್ಗರಣೆ ಹಾಕೋದಕ್ಕೆ ಕರಿಬೇವಿಲ್ಲ. ಈ ಹಾಡು ನನ್ನ ಪಾಲಿಗೆ ದೇವರು ಕಳಿಸಿದ್ದು. ಎರಡು ವಾರ ದಿನಾ ಸಂಜೆ ಹಾಕಿದೆ. ಡೈರಿಯಲ್ಲಿ ಅದರ ಬಗ್ಗೆ ಮೂರು ಪುಟ ಬರೆದೆ, ನೋವಿನ ಆಳ, ಕೈಗಾರಿಕಾ ಊರಿನ ವಿಷಾದ, ಏನೇನೋ. ಅದು ಇನ್ನೂ ಇದೆ, ತೋರಿಸಲ್ಲ.

ಹದಿನೈದನೇ ದಿನ ಬಾಗಿಲು ತಟ್ಟಿದ ಸದ್ದು. ಮೇಲಿನ ಮನೆಯ ಹೆಂಗಸು. ನರ್ಸು, ರಾತ್ರಿ ಪಾಳಿಗೆ ಹೋಗೋ ಹೊತ್ತು. ಗಲಾಟೆ ಅಂತ ಜಗಳಕ್ಕೆ ಬಂದಳು ಅಂದುಕೊಂಡು ಸಾರಿ ಸಾರಿ ಅಂದೆ. ಆಕೆ ಸೀದಾ ಒಳಗೆ ಬಂದು, ಟರ್ನ್‌ಟೇಬಲ್ ಹತ್ತಿರ ಬಗ್ಗಿ, ಪಕ್ಕದ ಸಣ್ಣ ಗುಂಡಿ ಸರಿಸಿ, "ಅದು 45ರದ್ದು ಕಣೋ, ಲವ್" ಅಂದಳು. ಆ ಊರಲ್ಲಿ ಬಸ್ ಕಂಡಕ್ಟರನ್ನೂ ಲವ್ ಅಂತಲೇ ಕರೆಯುತ್ತಾರೆ, ನನಗೆ ಗೊತ್ತಿರಲಿಲ್ಲ, ನಾಚಿಕೊಂಡೆ.

ನಿಮಿಷಕ್ಕೆ 45 ಸುತ್ತು ತಿರುಗಬೇಕಾದ ತಟ್ಟೆಯನ್ನ ನಾನು ಎರಡು ವಾರ 33ರ ವೇಗದಲ್ಲಿ ಹಾಕಿದ್ದೆ. ಗುಂಡಿ ಸರಿಸಿದ ಕೂಡಲೇ ಆ ಬಾವಿಯೊಳಗಿನ ಗಂಡಸು ಹದಿನೇಳು ವರ್ಷದ ಹುಡುಗಿಯಾದ! ತೊಲೆ ಹೊತ್ತವನು ಓಡತೊಡಗಿದ. ವಿಷಾದವೂ ಇಲ್ಲ ಏನೂ ಇಲ್ಲ, ಬಸ್ ತಡವಾಗಿದ್ದಕ್ಕೆ ಬೈಯೋ ಹಾಡು ಅದು. ಒಂದೂ ಮುಕ್ಕಾಲು ನಿಮಿಷ. ಆ ನರ್ಸಮ್ಮ ಎರಡು ವಾರ ಈ ಗೋಳನ್ನ ನೆಲದ ಮೂಲಕ ಕೇಳಿಸಿಕೊಂಡು ತಡೆಯಲಾರದೆ ಇಳಿದು ಬಂದಿದ್ದಳು. ಅವಳ ಅಣ್ಣನ ಹತ್ತಿರ ಇಂಥವು ರಾಶಿ ಇತ್ತಂತೆ. ಡ್ಯೂಟಿಗೆ ತಡವಾದರೂ ನಿಂತು ಇನ್ನೊಂದು ಸಲ ಹಾಕಿಸಿ ಕೇಳಿ ಹೋದಳು.

ನನ್ನ ವಾದ ಪೂರ್ತಿ ಇಲ್ಲೇ ಇದೆ. ಗೋಡೆ ತೆಳ್ಳಗಿರದಿದ್ದರೆ, ಅಥವಾ ನಾನು ಹೆಡ್‌ಫೋನ್ ಹಾಕಿಕೊಂಡಿದ್ದರೆ, ಇವತ್ತಿಗೂ ಅದನ್ನ ಗೋಳಿನ ಹಾಡು ಅಂತಲೇ ನಂಬಿರುತ್ತಿದ್ದೆ. ಈ ಸಭೆಯಲ್ಲಿ ಅದರ ಮೇಲೆ ಗಂಭೀರವಾಗಿ ಉಪನ್ಯಾಸವನ್ನೂ ಕೊಡುತ್ತಿದ್ದೆ. ಒಬ್ಬನೇ ಕೇಳಿದರೆ ವೇಗವೂ ತಪ್ಪುತ್ತೆ ಸ್ವಾಮಿ.

ನೀರು... ಥ್ಯಾಂಕ್ಸ್.

ವೇಗ ತಪ್ಪೋದರಲ್ಲಿ ನನಗೆ ದೊಡ್ಡ ಜೊತೆ ಇದೆ. ಬಿಬಿಸಿ ರೇಡಿಯೋ ಒನ್‌ನಲ್ಲಿ ಹಾಡು ಹಾಕುತ್ತಿದ್ದ ಜಾನ್ ಪೀಲ್. ತಪ್ಪು ವೇಗದಲ್ಲಿ ತಟ್ಟೆ ಹಾಕೋದಕ್ಕೆ ಅವರು ಹೆಸರುವಾಸಿ, ಆಮೇಲೆ ಪ್ರಸಾರದಲ್ಲೇ ಕ್ಷಮೆ ಕೇಳೋರು. ಊರೂರಿನ ಹುಡುಗರು ಅಂಚೆಯಲ್ಲಿ ಕಳಿಸಿದ ಸಿಂಗಲ್ಲುಗಳನ್ನ ಹಾಕಿ, ತಟ್ಟೆ ಬೇಕಾದವರು ಬರೆಯೋದಕ್ಕೆ ಅಂತ ವಿಳಾಸವನ್ನೂ ಓದುತ್ತಿದ್ದರು. 1978ರಲ್ಲಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್, ಬಾಂಬು ಸಿಡಿಯುತ್ತಿದ್ದ ಊರು, ಸಂಜೆಯಾದರೆ ಪೇಟೆ ಖಾಲಿ. ಅಲ್ಲಿ ಟೆರಿ ಹೂಲಿ ಗುಡ್ ವೈಬ್ರೇಷನ್ಸ್ ಅಂತ ರೆಕಾರ್ಡ್ ಅಂಗಡಿ ಇಟ್ಟಿದ್ದರು, ಅದೇ ಹೆಸರಿನ ಲೇಬಲ್ಲೂ ಶುರು ಮಾಡಿದರು. ಡೆರಿ ಅನ್ನೋ ಊರಿನ ಅಂಡರ್‌ಟೋನ್ಸ್ ಅನ್ನೋ ಹುಡುಗರ 'ಟೀನೇಜ್ ಕಿಕ್ಸ್' ಬಂದದ್ದು ಅಲ್ಲಿಂದ. ಕವರ್ ಅಂದರೆ ಒಂದು ದೊಡ್ಡ ಹಾಳೆ, ಮಡಚಿದರೆ ಕವರು, ಬಿಚ್ಚಿದರೆ ಪೋಸ್ಟರು. ಲಂಡನ್ನಿನ ಕಂಪನಿಗಳು ಬೇಡ ಅಂದವು. ಪೀಲ್ ಅದನ್ನ ಹಾಕಿದರು, ಮುಗಿದ ಕೂಡಲೇ ಮತ್ತೆ ಅದನ್ನೇ ಹಾಕಿದರು. ಆ ಹಾಡಿನ ಒಂದು ಸಾಲು ಇವತ್ತು ಅವರ ಸಮಾಧಿ ಕಲ್ಲಿನ ಮೇಲಿದೆ. 2004ರಲ್ಲಿ ತೀರಿಕೊಂಡಾಗ 140ಕ್ಕೂ ಹೆಚ್ಚು ಸಿಂಗಲ್ಲುಗಳ ಒಂದು ಮರದ ಪೆಟ್ಟಿಗೆ ಸಿಕ್ಕಿತು, ಬೇರೆ ಎಲ್ಲಕ್ಕಿಂತ ಹತ್ತಿರದವು ಅಂತ ಬೇರೆ ಇಟ್ಟದ್ದು.

ನಮ್ಮಲ್ಲೂ ಒಬ್ಬ ಪೀಲ್ ಇದ್ದ. ನಮ್ಮೂರು ತಿಪಟೂರಿನ ಹತ್ತಿರ, ಅಲ್ಲಿನ ಮೈಕ್‌ಸೆಟ್ ಮಾಮ. ಮದುವೆ, ಜಾತ್ರೆ, ಗಣಪತಿ ಯಾವುದೇ ಇರಲಿ, ತಗಡಿನ ಪೆಟ್ಟಿಗೆಯಲ್ಲಿ ನಾಯಿ ಚಿತ್ರದ ಇಪಿ ತಟ್ಟೆಗಳು, ತೆಂಗಿನ ಮರಕ್ಕೆ ಕಟ್ಟಿದ ಹಾರ್ನು. ಮುಳ್ಳು ಜಿಗಿದರೆ ಅದರ ತಲೆ ಮೇಲೆ ಹತ್ತು ಪೈಸೆ ಇಡುತ್ತಿದ್ದ. ತಟ್ಟೆ ಹಾಳಾಗುತ್ತೆ ನಿಜ, ಈಗ ನಾನು ನೋಡಿದರೆ ಎದೆ ಧಸಕ್ಕೆನ್ನುತ್ತೆ. ಆದರೆ ಒಂದು ತಟ್ಟೆ, ನಾಲ್ಕು ಊರಿಗೆ ಕೇಳಿಸುತ್ತಿತ್ತು. ರಾಜ್‌ಕುಮಾರ್ ಸಿನಿಮಾದ ಹಾಡುಗಳನ್ನು ನಮ್ಮಜ್ಜಿ ಕಲಿತದ್ದು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಾ, ಆ ಹಾರ್ನಿನಿಂದ. ಅವನ ತಟ್ಟೆಗಳಿಗೆ ಇವತ್ತು ಯಾರೂ ಬೆಲೆ ಕಟ್ಟಲ್ಲ, ಬರೀ ಗೀರು. ಆ ಗೀರು ಬಿದ್ದದ್ದು ಯಾಕೆ ಅಂತ ಯೋಚನೆ ಮಾಡಿ.

ಮೊದಲ ಗಂಟೆ ಆಯಿತಾ? ಇನ್ನು ಹತ್ತು ನಿಮಿಷ. ಅಯ್ಯೋ, ಇನ್ನೂ ನಾಲ್ಕು ವಿಷಯ ಬರೆದುಕೊಂಡಿದ್ದೆ. ಬೇಗ ಬೇಗ ಹೇಳುತ್ತೇನೆ.

ಹಂಚಿಕೊಳ್ಳೋದು ಅಂದರೆ ಕಳ್ಳತನ ಅಲ್ವಾ ಅಂತ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. 1989ರಿಂದ 'ಕಿಲ್ಡ್ ಬೈ ಡೆತ್' ಅಂತ ಎಲ್‌ಪಿಗಳು, ಅಂದರೆ ತುಂಬಾ ಹಾಡು ಹಿಡಿಯೋ ದೊಡ್ಡ ತಟ್ಟೆಗಳು, ಬಂದವು, ಯಾರಿಗೂ ಗೊತ್ತಿರದ ಪಂಕ್ ಸಿಂಗಲ್ಲುಗಳನ್ನ ಒಟ್ಟು ಹಾಕಿದ್ದು, ಬ್ಯಾಂಡಿನವರನ್ನ ಕೇಳದೆ. ತಪ್ಪೇ. ಬ್ಯಾಂಡಿಗೆ ಕಾಸು ಬರಲಿಲ್ಲ. ಆದರೆ ಇನ್ನೂರು ಮುನ್ನೂರು ಪ್ರತಿ ಹಾಕಿಸಿ ಮಂಚದ ಕೆಳಗೆ ಇಟ್ಟು ಮರೆತಿದ್ದ ಹಾಡುಗಳನ್ನ ಲೋಕಕ್ಕೆ ಕೇಳಿಸಿದ್ದೂ ಅವೇ. ನನ್ನ ಪದ್ಧತಿ ಹೇಳುತ್ತೇನೆ: ಬ್ಯಾಂಡಿನವರು ಇನ್ನೂ ಮಾರುತ್ತಿದ್ದರೆ ಅವರ ಹತ್ತಿರವೇ ಕೊಳ್ಳಿ ಅಂತೀನಿ. ಇಲ್ಲವಾದರೆ ನನ್ನ ಮನೆಗೆ ಬಂದು ಕೇಳಿ, ಕಾಫಿ ಕೊಡುತ್ತೇನೆ. ಅವರು ಬೇಡ ಅಂದರೆ ಬೇಡ. ಕಾಸು ತಗೊಂಡು ಮಾತ್ರ ಯಾವತ್ತೂ ಕೊಟ್ಟಿಲ್ಲ.

ಎರಡನೇದು ಅಮೆರಿಕದ ಕತೆ, ದೊಡ್ಡದಿತ್ತು, ಸಣ್ಣದಾಗಿ. ವಾಷಿಂಗ್ಟನ್‌ನ ಟೀನ್ ಐಡಲ್ಸ್ ಅನ್ನೋ ಹುಡುಗರು ಕಛೇರಿ ಕೊಟ್ಟು ಉಳಿಸಿದ ಸುಮಾರು 600 ಡಾಲರ್ ಒಂದು ಚುಟ್ಟಾ ಡಬ್ಬಿಯಲ್ಲಿತ್ತು. 1980ರಲ್ಲಿ ಬ್ಯಾಂಡು ಒಡೆಯಿತು. ದುಡ್ಡು ಹಂಚಿಕೊಳ್ಳೋದೋ, ತಟ್ಟೆ ಮಾಡಿಸೋದೋ? ತಟ್ಟೆ ಮಾಡಿಸಿದರು, ಒಂದು ಸಾವಿರ. ಡಿಸ್ಕಾರ್ಡ್ ಲೇಬಲ್ ಹುಟ್ಟಿದ್ದು ಹಾಗೆ, ಸತ್ತ ಬ್ಯಾಂಡಿನ ಉತ್ತರಕ್ರಿಯೆಯ ದುಡ್ಡಲ್ಲಿ. ಕವರ್ ಮಾಡೋದು ಹೇಗೆ ಅಂತ ಗೊತ್ತಿಲ್ಲ, ಇಂಗ್ಲೆಂಡಿನ ಒಂದು ಸಿಂಗಲ್ಲಿನ ಕವರನ್ನ ಅಂಟು ಬಿಡಿಸಿ ಹರಡಿ, ಅದೇ ಅಳತೆಗೆ ಕತ್ತರಿಯಲ್ಲಿ ಕತ್ತರಿಸಿ, ಮಡಚಿ, ಅಂಟಿಸಿದರು. ಒಬ್ಬರ ತಟ್ಟೆ ಇನ್ನೊಬ್ಬರ ಕೈಗೆ ಹೋದದ್ದಕ್ಕೇ ಅಲ್ವಾ ಅದು ಸಾಧ್ಯವಾದದ್ದು?

ಮೂರನೇದು, ತಟ್ಟೆ ನೋಡಿಕೊಳ್ಳೋದು. ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸಬೇಡಿ. ಬಿಸಿಲು ಬೇಡ. ಮಲೆನಾಡಿನವರು ಮಳೆಗಾಲದಲ್ಲಿ ಬೂಷ್ಟು ನೋಡಿಕೊಳ್ಳಿ. ಕಂಪ್ಯೂಟರಿಗೆ ಇಳಿಸುವಾಗ ಚಟಪಟ ಸದ್ದನ್ನ ಪೂರ್ತಿ ತೆಗೆಯೋದಕ್ಕೆ ಹೋಗಬೇಡಿ, ಅದರ ಜೊತೆ ಹಾಡೂ ಹೋಗುತ್ತೆ. ಉಳಿದದ್ದು ಆಮೇಲೆ ಕೇಳಿ.

ಬ್ರಿಸ್ಟಲ್‌ನ ಸಾರಾ ರೆಕಾರ್ಡ್ಸ್ ಅನ್ನೋ ಲೇಬಲ್ ಬಗ್ಗೆ ಅರ್ಧ ಗಂಟೆ ಮಾತಾಡಬೇಕು ಅಂತಿದ್ದೆ. 1987ರಲ್ಲಿ ಶುರು, 1995ರಲ್ಲಿ 100ನೇ ನಂಬರಿನ ಬಿಡುಗಡೆಗೆ ಬಂದು, ಸಾಕು ಅಂತ ತಾವೇ ನಿಲ್ಲಿಸಿದರು. ನೂರಾಯಿತು, ಮುಗಿಯಿತು. ಅದು ಇನ್ನೊಂದು ದಿನಕ್ಕೆ. ಅವರ ಹಾಗೆ ನಿಲ್ಲಿಸೋದು ನನಗೆ ಬರಲ್ಲ ಅಂತ ಮೇಡಂ ಮುಖದಲ್ಲೇ ಕಾಣುತ್ತಿದೆ.

ಕೊನೇದು. ಆ ಫೋನಿನವರನ್ನ ಇವತ್ತು ಕರೆದಿದ್ದೇನೆ. ಬಂದಿದ್ದಾರೆ, ಎಲ್ಲಿ ಕೂತಿದ್ದಾರೆ ಅಂತ ಹೇಳಲ್ಲ. ಆ ಐದು ತಟ್ಟೆ ಮಾರಲ್ಲ ಸರ್. ಆದರೆ ಇವತ್ತು ಒಂದು ಪೆಟ್ಟಿಗೆ ತಂದಿದ್ದೇನೆ, ಅರವತ್ತು ಚಿಲ್ಲರೆ ಇವೆ. ಪುಸ್ತಕದಲ್ಲಿ ಹೆಸರು ಬರೆದು ಒಂದು ತಿಂಗಳು ಮನೆಗೆ ತಗೊಂಡು ಹೋಗಿ. ಗೀರು ಬಿದ್ದರೆ ಬೀಳಲಿ. ಟರ್ನ್‌ಟೇಬಲ್ ಇಲ್ಲದವರು ಇರುವವರ ಮನೆಗೆ ಹೋಗಿ, ಬೇಡ ಅಂದವರು ಯಾರು?

ಲೀಡ್ಸ್‌ನ ಆ ಬಿಳೀ ಲೇಬಲ್ಲಿನ ತಟ್ಟೆಯೂ ಇದೆ. ಬ್ಯಾಂಡಿನ ಹೆಸರು ನನಗೆ ಇವತ್ತಿಗೂ ಸಿಕ್ಕಿಲ್ಲ. ಈಗ ಹಾಕುತ್ತೇನೆ, ಒಂದೂ ಮುಕ್ಕಾಲು ನಿಮಿಷ, ಎರಡನೇ ಗಂಟೆ ಬಾರಿಸೋದಕ್ಕೆ ಮುಂಚೆ ಮುಗಿಯುತ್ತೆ. ಇದು ಇಲ್ಲಿಯವರ ಟರ್ನ್‌ಟೇಬಲ್, ಗುಂಡಿ ಎಲ್ಲಿದೆಯೋ ನನಗೆ ಸರಿಯಾಗಿ ಗೊತ್ತಿಲ್ಲ. ಹಿಂದೆ ಕೂತವರೇ, ವೇಗ ತಪ್ಪಿದ್ದರೆ ಜೋರಾಗಿ ಕೂಗಿ.