ಬೀಗದ ಕೈ ಕ್ಲೈಂಟ್ ಹತ್ತಿರವೇ ಇರಲಿ

ಎಲ್ಲರಿಗೂ ನಮಸ್ಕಾರ. ಸಾಮಾಜಿಕ ಜಾಲತಾಣ ಏಕೆ ಬೇಕು ಅಂತ ಪ್ರಚಾರ ಏಜೆನ್ಸಿಯವರ ಈ ಸಭೆಗೆ ಹೇಳಬೇಕಾಗಿಲ್ಲ. ಅದನ್ನು ಕ್ಲೈಂಟಿಗೆ ನಾವು ಒಪ್ಪಿಸುವ ರೀತಿಯ ಬಗ್ಗೆ ನನ್ನ ತಕರಾರು. "ಸರ್, ನೀವು ತಲೆ ಕೆಡಿಸ್ಕೋಬೇಡಿ, ನಾವು ನೋಡ್ಕೊಳ್ತೀವಿ" ಅಂದುಬಿಡುತ್ತೇವೆ. ಅಲ್ಲಿಗೆ ಕೆಲಸ ಕೆಟ್ಟಿತು. ಪೇಜ್ ತೆರೆದದ್ದು ಏಜೆನ್ಸಿಯ ಹುಡುಗನ ಸ್ವಂತ ಐಡಿಯಲ್ಲಿ, ಓಟಿಪಿ ಬರುವುದು ಅವನ ಮೊಬೈಲಿಗೆ. ಅವನು ಕೆಲಸ ಬಿಟ್ಟ ದಿನ ಮಾಲೀಕರೇ ಬೀದಿಯಲ್ಲಿ ನಿಲ್ಲಬೇಕು.

ಹಾಗಾಗಿ ಮೊದಲ ಭೇಟಿಯಲ್ಲಿ ಪೋಸ್ಟ್ ವಿಷಯ ಬೇಡ, ಬೀಗದ ಕೈ ವಿಷಯ, ಅಂದರೆ ಖಾತೆ ಯಾರ ಹಿಡಿತದಲ್ಲಿರಬೇಕು ಅನ್ನುವುದನ್ನು ಮಾತಾಡಿ. ಇಮೇಲೂ ಸಿಮ್ಮೂ ಸಂಸ್ಥೆಯದೇ ಇರಲಿ. ಫೇಸ್‌ಬುಕ್ ಪೇಜಿನ ಪೂರ್ಣ ನಿಯಂತ್ರಣ ಅವರ ಕಡೆ ಇಬ್ಬರಿಗಾದರೂ ಇರಬೇಕು. ನಮಗೆ ಕೆಲಸಕ್ಕೆ ಬೇಕಾದಷ್ಟು ಸಾಕು. ಯೂಟ್ಯೂಬಿನಲ್ಲೂ ಪಾಸ್‌ವರ್ಡ್ ಹಂಚದೆ, ಪರ್ಮಿಶನ್ಸ್‌ಗೆ ಹೋಗಿ ನಮ್ಮನ್ನು ಎಡಿಟರ್ ಆಗಿ ಸೇರಿಸಬಹುದು. ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡ್ ಕೂಡ ಕೇಳುವ ಎರಡು ಹಂತದ ಪರಿಶೀಲನೆ ಹಾಕಿಸಿ. ಫೋನ್ ಕೈಯಲ್ಲಿಲ್ಲದಾಗ ಒಳಹೋಗಲು ಬೇಕಾಗುವ ಬ್ಯಾಕಪ್ ಕೋಡ್‌ಗಳನ್ನು ಪ್ರಿಂಟ್ ತೆಗೆದು ಅವರ ಬೀರುವಿನಲ್ಲಿ ಇಡಿಸಿ.

ಬೀಗದ ಕೈ ಅಂದರೆ ನನಗೆ ಅಮೆರಿಕದ ರೆಡ್ ಕ್ರಾಸ್ ನೆನಪಾಗುತ್ತದೆ. 2011ರ ಫೆಬ್ರವರಿ. ಅಲ್ಲಿನ ಸಿಬ್ಬಂದಿಯೊಬ್ಬರು, ಹಲವು ಖಾತೆಗಳನ್ನು ಒಂದೇ ಕಡೆಯಿಂದ ನಡೆಸುವ ಹೂಟ್‌ಸೂಟ್‌ನಲ್ಲಿ ಸ್ವಂತ ಟ್ವಿಟರ್ ಖಾತೆ, ಸಂಸ್ಥೆಯ ಖಾತೆ ಎರಡನ್ನೂ ಇಟ್ಟುಕೊಂಡಿದ್ದರು. ಡಾಗ್‌ಫಿಶ್ ಹೆಡ್ ಬಿಯರ್ ಸಿಕ್ಕಿದ ಖುಷಿಯನ್ನು ಬರೆದರು, ಖಾತೆ ಆರಿಸುವಾಗ ತಪ್ಪಿತು, ಟ್ವೀಟು ರೆಡ್ ಕ್ರಾಸ್ ಹೆಸರಿನಲ್ಲೇ ಹೋಯಿತು! ರಕ್ತದಾನ, ನೆರೆ ಪರಿಹಾರ ಅನ್ನುವ ಸಂಸ್ಥೆ. ಅವರು ಅಳಿಸಿದರು, ಆದರೆ ಮುಚ್ಚಿಡಲಿಲ್ಲ. 'ಆ ಟ್ವೀಟು ತೆಗೆದಿದ್ದೇವೆ, ರೆಡ್ ಕ್ರಾಸ್‌ಗೆ ಮತ್ತೇರಿಲ್ಲ, ಗಾಡಿಯ ಕೀ ಕಿತ್ತುಕೊಂಡಿದ್ದೇವೆ' ಅನ್ನುವ ಅರ್ಥದಲ್ಲಿ ಬರೆದರು. ಜನ ನಕ್ಕರು. ಬಿಯರ್ ಕಂಪನಿಯೇ ತನ್ನ ಅಭಿಮಾನಿಗಳಿಗೆ ರೆಡ್ ಕ್ರಾಸ್‌ಗೆ ದಾನ ಕೊಡಿ ಅಂದಿತು. ಅಳಿಸುವ, ಉತ್ತರಿಸುವ ಅಧಿಕಾರ ಮನೆಯೊಳಗೇ ಇದ್ದದ್ದರಿಂದ ಇದು ಸಾಧ್ಯವಾಯಿತು. ನಿಮ್ಮ ಕ್ಲೈಂಟಿಗೆ ರಾತ್ರಿ ಹನ್ನೊಂದಕ್ಕೆ ಹೀಗಾದರೆ ಬೀಗದ ಕೈ ಯಾರ ಹತ್ತಿರ ಇರುತ್ತದೆ?

ಇನ್ನು ಕನ್ನಡದ ಪೇಚು. ಪತ್ರಿಕಾ ಪ್ರಕಟಣೆಯನ್ನು 'ನುಡಿ' ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರದಲ್ಲಿ (ಅದೇ ಫಾಂಟ್ ಇದ್ದರಷ್ಟೇ ಕನ್ನಡವಾಗಿ ಕಾಣುವಂಥದ್ದು) ಟೈಪಿಸಿ ಫೇಸ್‌ಬುಕ್‌ಗೆ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಕಾಣುತ್ತವೆ. ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಪರಿವರ್ತಿಸಲೇಬೇಕು, ಆಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ, ಎಡವುವುದು ಅಲ್ಲೇ. ಎಕ್ಸ್‌ನ (ಹಿಂದಿನ ಟ್ವಿಟರ್) ಉಚಿತ ಖಾತೆಯಲ್ಲಿ ಒಂದು ಪೋಸ್ಟಿಗೆ 280 ಅಕ್ಷರಗಳ ಮಿತಿ ಇದೆಯಲ್ಲ, ಅಲ್ಲಿ ಗುಣಿತ, ಒತ್ತು ಎಲ್ಲವೂ ಬೇರೆ ಬೇರೆ ಎಣಿಕೆ. 'ಸ್ತ್ರೀ' ನಮ್ಮ ಕಣ್ಣಿಗೆ ಒಂದಕ್ಷರ, ಅಲ್ಲಿ ಆರು. ಇಂಗ್ಲಿಷ್ ಟ್ವೀಟನ್ನು ಅನುವಾದಿಸಿ ತುರುಕಬೇಡಿ, ಕನ್ನಡದಲ್ಲೇ ಚಿಕ್ಕದಾಗಿ ಬರೆಯಿರಿ.

ಸಮಯ ಆಯಿತು ಅಂತ ಚೀಟಿ ಬಂದಿದೆ. ಇನ್‌ಸ್ಟಾಗ್ರಾಂ ಕ್ಯಾಪ್ಷನ್ನಿನಲ್ಲಿ ಲಿಂಕ್ ಹಾಕಿದರೆ ಒತ್ತಲು ಬರುವುದಿಲ್ಲ, ಬಯೋದಲ್ಲಿ ಹಾಕಿಸಿ. ಬೈಗುಳದ ಕಾಮೆಂಟ್ ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ದೂರಿನ ಕಾಮೆಂಟನ್ನಂತೂ ಅಳಿಸಲೇಬೇಡಿ, ಉತ್ತರ ಕೊಡಿ. ವರದಿಯಲ್ಲಿ ಲೈಕುಗಳಿಗಿಂತ ಮೊದಲು, ಬಂದ ಪ್ರಶ್ನೆ ಎಷ್ಟು, ಉತ್ತರಿಸಿದ್ದೆಷ್ಟು ಅನ್ನುವುದು ಬರಲಿ.

ಜಾಹೀರಾತಿನ ವಿಷಯ ಉಳಿಯಿತು, ಅದಕ್ಕೆ ಹಣ ಕಟ್ಟುವ ಕಾರ್ಡು ಕೂಡ ಕ್ಲೈಂಟಿನದೇ ಇರಲಿ ಅಂತಷ್ಟೇ ಹೇಳುತ್ತೇನೆ. ನುಡಿ ಫೈಲ್ ತಂದಿರುವವರು ಊಟಕ್ಕೆ ಮೊದಲು ಈ ಮೇಜಿನ ಹತ್ತಿರ ಬನ್ನಿ, ಪರಿವರ್ತಿಸಿ ತೋರಿಸುತ್ತೇನೆ.