ಬೇರೆ ಖಾತೆಯಲ್ಲಿ ಕುಳಿತಿದ್ದ ಚಿತ್ರಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ವರ್ಷ ನನ್ನ ಫೋನ್ ನೀರು ತುಂಬಿದ ಬಕೆಟ್‌ಗೆ ಬಿದ್ದು ಕಣ್ಣು ಮುಚ್ಚಿತು. ನಾನು ಹೆಚ್ಚೇನೂ ಕೊರಗಲಿಲ್ಲ. ಚಿತ್ರಗಳೆಲ್ಲ ಕ್ಲೌಡ್‌ನಲ್ಲಿ, ಅಂದರೆ ಅಂತರ್ಜಾಲದಲ್ಲಿ ನಮ್ಮ ಖಾತೆಗಿರುವ ಜಾಗದಲ್ಲಿ, ಭದ್ರವಾಗಿವೆ ಎಂಬ ಧೈರ್ಯವಿತ್ತು. ಹೊಸ ಫೋನ್ ತಂದು, ಲಾಗಿನ್ ಆಗಿ, ಫೋಟೊ ಆ್ಯಪ್ ತೆರೆದರೆ ಬಟಾಬಯಲು. ಆರು ವರ್ಷದ ಚಿತ್ರಗಳಲ್ಲಿ ಒಂದೂ ಇಲ್ಲ. ಗಾಬರಿಯಲ್ಲಿ ಸಿಕ್ಕಸಿಕ್ಕಲ್ಲಿ ಒತ್ತಿದೆ, ಆ್ಯಪ್ ತೆಗೆದು ಮತ್ತೆ ಹಾಕಿದೆ. ಅಳಿಸಿಹೋದದ್ದನ್ನು ಮರಳಿ ಕೊಡುತ್ತೇವೆ ಎಂದು ಕೂಗುವ ಒಂದೆರಡು ಆ್ಯಪ್‌ಗಳ ಬಾಗಿಲನ್ನೂ ತಟ್ಟಿದೆ. ಈ ಕೊನೆಯದನ್ನು ನೀವು ಮಾಡಬೇಡಿ. ಈಗಿನ ಫೋನ್‌ಗಳು ಮಾಹಿತಿಯನ್ನು ಗೂಢಲಿಪಿಯಲ್ಲಿ ಇಡುವುದರಿಂದ, ನಿಜವಾಗಿ ಅಳಿಸಿಹೋದದ್ದು ಇಂಥ ಆ್ಯಪ್‌ಗಳ ಕೈಗೆ ಸಿಗುವುದು ತೀರಾ ಅಪರೂಪ.

ಚಿತ್ರಗಳು ಎಲ್ಲಿದ್ದವು ಗೊತ್ತೆ? ಪರದೆಯ ಬಲಭಾಗದ ಮೇಲ್ತುದಿಯಲ್ಲಿ ನಮ್ಮ ಮುಖವಿರುವ ಒಂದು ಪುಟ್ಟ ವೃತ್ತವಿರುತ್ತದೆ. ಅದನ್ನು ಒತ್ತಿದೆ. ಎರಡು ಇಮೇಲ್ ವಿಳಾಸಗಳು ಬಂದವು: ಒಂದು ದಿನನಿತ್ಯ ಬಳಸುವುದು, ಇನ್ನೊಂದು ನಾನು ಮರೆತೇಬಿಟ್ಟಿದ್ದ ಹಳೆಯದು. ಹಳೆಯದನ್ನು ಆರಿಸಿದೆ. ಮೊದಲು ಬೂದು ಬಣ್ಣದ ಚೌಕಗಳು ಸಾಲಾಗಿ ನಿಂತವು, ಆಮೇಲೆ ಒಂದೊಂದರಲ್ಲೂ ಮಸುಕು ಬಣ್ಣ, ಕೊನೆಗೆ ಮುಖಗಳು. ಹಳೆಯ ಫೋನ್ ಇಷ್ಟು ವರ್ಷವೂ ಆ ಖಾತೆಗೇ ಬ್ಯಾಕಪ್ ಕಳುಹಿಸುತ್ತಿತ್ತು. ಹಾಗಾಗಿ ಚಿತ್ರ ಕಾಣದಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ, ನಾನು ಯಾವ ಖಾತೆಯೊಳಗೆ ನಿಂತಿದ್ದೇನೆ ಎಂಬುದು. ಆ ಖಾತೆಯ ಪಾಸ್‌ವರ್ಡ್ ಮರೆತಿದ್ದು, ದೃಢೀಕರಣದ ಸಂಖ್ಯೆ ಕಳೆದುಹೋದ ಫೋನಿಗೆ ಹೋಗುತ್ತಿದ್ದರೆ, ಅದೇ ಮೊಬೈಲ್ ಸಂಖ್ಯೆಯ ಸಿಮ್ ಮತ್ತೆ ಪಡೆಯುವುದೇ ಮೊದಲ ಕೆಲಸ.

ನಾವೇ ಕೈಯಾರೆ ಅಳಿಸಿದ ಚಿತ್ರಗಳ ಕಥೆ ಬೇರೆ. ಇಲ್ಲಿ ಬಹಳ ಮಂದಿ ಎಡವುತ್ತಾರೆ. ಕ್ಲೌಡ್ ಎಂದರೆ ಬೀರುವಿನಲ್ಲಿಟ್ಟ ಇನ್ನೊಂದು ಪ್ರತಿ ಎಂದು ನಾವು ತಿಳಿದಿರುತ್ತೇವೆ. ಆದರೆ ಗೂಗಲ್ ಫೋಟೋಸ್ ಆಗಲಿ, ಆ್ಯಪಲ್‌ನ ಐಕ್ಲೌಡ್ ಫೋಟೋಸ್ ಆಗಲಿ, ನಡೆದುಕೊಳ್ಳುವುದು ಕನ್ನಡಿಯ ಹಾಗೆ. ನೀವು ತಲೆ ಬೋಳಿಸಿಕೊಂಡರೆ ಕನ್ನಡಿಯೊಳಗಿನವನಿಗೆ ಮಾತ್ರ ಜುಟ್ಟು ಉಳಿಯುತ್ತದೆಯೇ? ಆ್ಯಪ್‌ನಲ್ಲಿ ಅಳಿಸಿದ ಚಿತ್ರ ಕ್ಲೌಡ್‌ನಿಂದಲೂ ಹೋಗುತ್ತದೆ. ಫೋನಿನ ಜಾಗ ಮಾತ್ರ ಬಿಡಿಸಬೇಕೆಂದಿದ್ದರೆ ಗೂಗಲ್ ಫೋಟೋಸ್‌ನಲ್ಲಿ ಅದಕ್ಕೆಂದೇ ಬೇರೆ ಆಯ್ಕೆಯಿದೆ. ಅದು ಬ್ಯಾಕಪ್ ಆದ ಚಿತ್ರಗಳನ್ನು ಫೋನಿನಿಂದ ಮಾತ್ರ ತೆಗೆಯುತ್ತದೆ.

ಪುಣ್ಯಕ್ಕೆ, ಅಳಿಸಿದ್ದು ತಕ್ಷಣ ನಾಶವಾಗುವುದಿಲ್ಲ. ಗೂಗಲ್ ಫೋಟೋಸ್‌ನ ಕಸದ ಬುಟ್ಟಿಯಲ್ಲಿ ಬ್ಯಾಕಪ್ ಆಗಿದ್ದ ಚಿತ್ರ 60 ದಿನ ಇರುತ್ತದೆ, ಬ್ಯಾಕಪ್ ಆಗದ ಚಿತ್ರಕ್ಕೆ ಸಿಗುವುದು 30 ದಿನ. ಐಫೋನ್‌ನಲ್ಲಿ ಇತ್ತೀಚೆಗೆ ಅಳಿಸಿದ ಚಿತ್ರಗಳ ಆಲ್ಬಂ ಇದೆ, ಅಲ್ಲಿಯೂ 30 ದಿನದ ಗಡುವು. ಅಲ್ಲಿಂದ ಆರಿಸಿ ಮರಳಿಸಿದರೆ ಚಿತ್ರ ತನ್ನ ಹಳೆಯ ತಾರೀಖಿನ ಜಾಗಕ್ಕೇ ಹೋಗಿ ಕೂರುತ್ತದೆ. ಇವತ್ತಿನ ಸಾಲಿನಲ್ಲಿ ಹುಡುಕಿ, ಬರಲಿಲ್ಲವೆಂದು ನಿರಾಶರಾಗಬೇಡಿ. ಅಂದಹಾಗೆ, ಜಾಗ ಉಳಿಸುವ ಹುರುಪಿನಲ್ಲಿ ಬುಟ್ಟಿಯನ್ನು ಪೂರ್ತಿ ಖಾಲಿ ಮಾಡುವವರಿದ್ದಾರೆ. ಆ ಶಿಸ್ತು ನನಗಂತೂ ಅರ್ಥವಾಗುವುದಿಲ್ಲ.

ಇನ್ನು, ಕ್ಲೌಡ್‌ಗೆ ಹೋಗಿಯೇ ಇಲ್ಲದ ಚಿತ್ರಗಳು. ಗೂಗಲ್ ಖಾತೆಗೆ ಉಚಿತವಾಗಿ ಸಿಗುವುದು 15 ಜಿಬಿ. ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಅದೊಂದೇ ಜಾಗ. 2021ರ ಜೂನ್ 1ರಿಂದ, ಗಾತ್ರ ಕುಗ್ಗಿಸಿದ ಚಿತ್ರಗಳೂ ಈ ಲೆಕ್ಕಕ್ಕೆ ಸೇರಿವೆ. ಐಕ್ಲೌಡ್‌ನಲ್ಲಿ ಉಚಿತವಾಗಿ ಸಿಗುವುದು 5 ಜಿಬಿ. ಜಾಗ ತುಂಬಿದರೆ ಹೊಸ ಚಿತ್ರಗಳ ಬ್ಯಾಕಪ್ ನಿಂತುಹೋಗುತ್ತದೆ. ಎಚ್ಚರಿಕೆ ಬರುತ್ತದೆ ನಿಜ, ಓದುವವರು ಯಾರು? ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರಗಳ ಫೋಲ್ಡರನ್ನೂ ಆಂಡ್ರಾಯ್ಡ್ ಫೋನಿನಲ್ಲಿ ನಾವೇ ಆರಿಸಿಕೊಡಬೇಕು, ಇಲ್ಲವಾದರೆ ಅದು ಬ್ಯಾಕಪ್‌ಗೆ ಸೇರುವುದಿಲ್ಲ.

ನನ್ನದೂ ಹೀಗೆಯೇ ಆಗಿತ್ತು. ಹಳೆಯ ಖಾತೆ ತುಂಬಿ, ಕೊನೆಯ ಮೂರು ತಿಂಗಳ ಚಿತ್ರಗಳು ಹೋಗಿರಲೇ ಇಲ್ಲ. ಯಾರ್ಯಾರಿಗೆ ಏನೇನು ಕಳುಹಿಸಿದ್ದೆ ಎಂದು ನೆನಪಿಸಿಕೊಂಡು ಒಬ್ಬೊಬ್ಬರನ್ನೇ ಕೇಳಿದೆ. ಹದಿನೇಳು ಚಿತ್ರಗಳು ವಾಪಸು ಬಂದವು. ಅವುಗಳಲ್ಲಿ ನಾಲ್ಕು, ಅದೇ ಬಕೆಟ್ಟಿನವು.

ನಮಸ್ಕಾರ.